50% ಬ್ರೈಟ್‌ನೆಸ್ ಅಂದ್ರೆ ಎಷ್ಟು ಬೆಳಕು?

ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು ಎರಡರಲ್ಲೂ ಬ್ರೈಟ್‌ನೆಸ್ 50% ಮಾಡಿ ನೋಡಿ. ಒಂದು ಕಣ್ಣಿಗೆ ಹಿತವಾಗಿರುತ್ತದೆ, ಇನ್ನೊಂದು ಕಣ್ಣು ಕುಕ್ಕುತ್ತದೆ. ಪ್ಯಾನೆಲ್ ಬೇರೆ ಬೇರೆ, ಅದಕ್ಕೇ ಹಾಗೆ ಅಂತ ಸುಮ್ಮನಾಗಬಹುದು. ಆದರೆ ಪ್ಯಾನೆಲ್ ಒಂದೇ ಇದ್ದು ಅದನ್ನು ನಡೆಸುವ ಸಣ್ಣ ಪ್ರೋಗ್ರಾಂ, ಅಂದರೆ ಡ್ರೈವರ್ ಮಾತ್ರ ಬದಲಾದರೂ ಹೀಗೇ ಆಗಬಹುದು. ಆಗ ತಪ್ಪು ಪ್ಯಾನೆಲ್‌ದಲ್ಲ, ಆ 50 ಅನ್ನೋ ಅಂಕಿದು. ಯಾವುದರ 50 ಅಂತ ಯಾರೂ ಸಾಫ್ಟ್‌ವೇರ್‌ಗೆ ಹೇಳಿರುವುದಿಲ್ಲ.

ಹಳೇ ಕಾಲದ ಫ್ಯಾನ್ ರೆಗ್ಯುಲೇಟರ್ ನೆನಪಿಸಿಕೊಳ್ಳಿ. ನಮ್ಮನೆ ಫ್ಯಾನ್ 2ಕ್ಕೆ ಇಟ್ಟರೆ ಗಾಳಿ ಸಾಕು, ಪಕ್ಕದ ಮನೆಯಲ್ಲಿ 4ಕ್ಕೆ ಇಟ್ಟರೂ ಬೆವರು ನಿಲ್ಲಲ್ಲ. 2 ಅನ್ನೋದು ಗಾಳಿಯ ಅಳತೆ ಅಲ್ಲ, ಗುಂಡಿ ಎಲ್ಲಿದೆ ಅನ್ನೋದಷ್ಟೇ. ಸ್ಕ್ರೀನ್ ಬ್ಯಾಕ್‌ಲೈಟ್, ಅಂದರೆ ಪ್ಯಾನೆಲ್ ಹಿಂದಿರುವ ದೀಪದ ಅಂಕಿಯೂ ಹಾಗೇ.

ನಾನು ಕಲಬುರಗಿಯಲ್ಲಿ, ಸೂಪರ್ ಮಾರ್ಕೆಟ್ ಹತ್ತಿರ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳನ್ನು ರೆಡಿ ಮಾಡಿ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿಕೊಡುವ ಕೆಲಸ ಮಾಡುತ್ತೇನೆ. ತಗೊಳ್ಳುವವರು ಹೆಚ್ಚಾಗಿ ಓದುವ ಮಕ್ಕಳು. ಕೀಬೋರ್ಡ್, ಬ್ಯಾಟರಿ, ವೈಫೈ ಬಿಟ್ಟರೆ ಅವರು ವಾಪಸ್ ಬಂದು ಹೇಳುವ ತಕರಾರು ಬ್ರೈಟ್‌ನೆಸ್‌ದೇ ಜಾಸ್ತಿ. ಅದಕ್ಕೆ ಕಾರಣ ನಮ್ಮ ಊರಲ್ಲೇ ಇದೆ ಅನ್ನಿಸುತ್ತದೆ. ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಹೊರಗೆ ಬಿಸಿಲು ಶಹಾಬಾದ್ ಕಲ್ಲಿನ ನೆಲದ ಮೇಲೆ ಬಿದ್ದು ವಾಪಸ್ ಮುಖಕ್ಕೇ ಹೊಡೆಯುತ್ತದೆ, ಆಗ ಸ್ಕ್ರೀನ್ ಎಷ್ಟು ಬೆಳಗಿದರೂ ಸಾಲದು. ಅದೇ ಲ್ಯಾಪ್‌ಟಾಪ್ ರಾತ್ರಿ ಮಾಳಿಗೆ ಮೇಲೆ, ಸುತ್ತ ಎಲ್ಲರೂ ಮಲಗಿರುವಾಗ, ಕರೆಂಟ್ ಬೇರೆ ಹೋಗಿರುವಾಗ ತೆರೆದರೆ ಕಡಿಮೆ ಬೆಳಕೂ ಜಾಸ್ತಿಯೇ. ನೆತ್ತಿ ಮೇಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ), ಹುಣ್ಣಿಮೆ ಬೆಳದಿಂಗಳು ಒಂದು ಲಕ್ಸ್‌ಗಿಂತಲೂ ಕಡಿಮೆ. ಒಂದೇ ಯಂತ್ರ ಈ ಎರಡೂ ತುದಿಯಲ್ಲಿ ಕೆಲಸಕ್ಕೆ ಬರಬೇಕು.

ಮೊದಲು ಲಿನಕ್ಸ್ ಒಳಗೆ ಏನಿದೆ ನೋಡೋಣ. ಸಿಸ್ ಅನ್ನೋ ಫೋಲ್ಡರ್ ಒಳಗೆ ಕ್ಲಾಸ್, ಅದರೊಳಗೆ ಬ್ಯಾಕ್‌ಲೈಟ್. ಅಲ್ಲಿ ನಿಮ್ಮ ಸ್ಕ್ರೀನ್ ನಡೆಸುವ ಡ್ರೈವರ್ ಹೆಸರಲ್ಲಿ ಒಂದು ಫೋಲ್ಡರ್ ಇರುತ್ತದೆ: ಇಂಟೆಲ್ ಬ್ಯಾಕ್‌ಲೈಟ್ ಅಂತಲೋ, ಎಸಿಪಿಐ ವಿಡಿಯೊ ಅಂತಲೋ, ಎಎಂಡಿಜಿಪಿಯು ಅಂತಲೋ. ಅದರೊಳಗಿನ ಬ್ರೈಟ್‌ನೆಸ್ ಫೈಲ್‌ಗೆ ಒಂದು ಅಂಕಿ ಬರೆದರೆ ಬೆಳಕು ಬದಲಾಗುತ್ತದೆ. ಮ್ಯಾಕ್ಸ್ ಬ್ರೈಟ್‌ನೆಸ್ ಫೈಲ್ ಓದಿದರೆ ಗರಿಷ್ಠ ಅಂಕಿ ಎಷ್ಟು ಅಂತ ಗೊತ್ತಾಗುತ್ತದೆ. ಆಕ್ಚುವಲ್ ಬ್ರೈಟ್‌ನೆಸ್ ಅಂತ ಇನ್ನೊಂದಿದೆ, ಅದು ಹಾರ್ಡ್‌ವೇರ್ ಈಗ ಎಲ್ಲಿದೆ ಅಂತ ಹೇಳುತ್ತದೆ. ಬಹಳ ವರ್ಷ ಸಾಫ್ಟ್‌ವೇರ್‌ಗೆ ಸಿಗುತ್ತಿದ್ದ ಮಾಹಿತಿ ಹೆಚ್ಚು ಕಡಿಮೆ ಇಷ್ಟೇ.

ಈ ಗರಿಷ್ಠ ಅಂಕಿ ಯಂತ್ರಕ್ಕೊಂದು ಥರ. ಒಂದರಲ್ಲಿ 15, ಒಂದರಲ್ಲಿ 100, ಒಂದರಲ್ಲಿ 255, ಇಂಟೆಲ್ ಗ್ರಾಫಿಕ್ಸ್ ಇರುವ ಕೆಲವದರಲ್ಲಿ 19200, ಕೆಲವದರಲ್ಲಿ 96000. ಇಷ್ಟು ವಿಚಿತ್ರ ಅಂಕಿ ಯಾಕೆ ಅಂತ ಕೇಳಬಹುದು. ಬ್ಯಾಕ್‌ಲೈಟ್ ಎಲ್‌ಇಡಿಯನ್ನು ಮಂದ ಮಾಡುವ ಸಾಮಾನ್ಯ ದಾರಿ ಪಿಡಬ್ಲ್ಯುಎಂ. ಎಲ್‌ಇಡಿಯನ್ನು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹಚ್ಚಿ ಆರಿಸುತ್ತಾರೆ. ಒಂದೊಂದು ಸುತ್ತಿನಲ್ಲಿ ಎಷ್ಟು ಹೊತ್ತು ಹತ್ತಿರುತ್ತದೋ ಅಷ್ಟು ಬೆಳಕು ಕಣ್ಣಿಗೆ ಕಾಣುತ್ತದೆ. ಆ ಒಂದು ಸುತ್ತಿಗೆ ಚಿಪ್‌ನ ಗಡಿಯಾರ ಎಷ್ಟು ಸಲ ಮಿಡಿಯುತ್ತದೋ ಅದೇ ಇಂಟೆಲ್‌ನ ಗರಿಷ್ಠ ಅಂಕಿ. ಅಂದರೆ 96000ಕ್ಕೂ ಬೆಳಕಿಗೂ ನೇರ ಸಂಬಂಧ ಏನೂ ಇಲ್ಲ. ಗಡಿಯಾರದ ವೇಗ ಬದಲಾದರೆ ಅದೇ ಪ್ಯಾನೆಲ್‌ಗೆ ಬೇರೆ ಅಂಕಿ ಬರುತ್ತದೆ.

ಎಸಿಪಿಐ ಕಥೆ ಬೇರೆ. ಅದು ಫರ್ಮ್‌ವೇರ್, ಅಂದರೆ ಬೋರ್ಡ್ ಒಳಗೇ ಬರೆದಿಟ್ಟ ಸಾಫ್ಟ್‌ವೇರ್, ಆಪರೇಟಿಂಗ್ ಸಿಸ್ಟಮ್ ಜೊತೆ ಮಾತಾಡುವ ದಾರಿ. ಅಲ್ಲಿ ಲ್ಯಾಪ್‌ಟಾಪ್‌ನ ಫರ್ಮ್‌ವೇರ್ ಒಂದು ಪಟ್ಟಿ ಕೊಡುತ್ತದೆ. ಪಟ್ಟಿಯ ಮೊದಲ ಅಂಕಿ ಚಾರ್ಜರ್ ಹಾಕಿದಾಗ ಎಷ್ಟಿರಬೇಕು ಅಂತ, ಎರಡನೆಯದು ಬ್ಯಾಟರಿ ಮೇಲಿದ್ದಾಗ ಎಷ್ಟು ಅಂತ, ಆಮೇಲಿನವು ಸಾಧ್ಯವಿರುವ ಹಂತಗಳು. ಲಿನಕ್ಸ್ ನಮಗೆ ತೋರಿಸುವುದು ಆ ಹಂತದ ಕ್ರಮಸಂಖ್ಯೆ ಮಾತ್ರ. 16 ಹಂತ ಇದ್ದರೆ ಗರಿಷ್ಠ 15. ಇಲ್ಲಿ 7 ಅಂದರೆ ಕೆಳಗಿನಿಂದ ಎಂಟನೇ ಮೆಟ್ಟಿಲು, ಅಷ್ಟೇ. ಆ ಮೆಟ್ಟಿಲು ಎಷ್ಟು ಎತ್ತರ ಅನ್ನೋದು ಫರ್ಮ್‌ವೇರ್ ಬರೆದವರಿಗೇ ಗೊತ್ತು.

ಈಗ ಕಣ್ಣಿನ ವಿಷಯಕ್ಕೆ ಬರೋಣ, ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದೇ. ಮಧ್ಯಾಹ್ನ ಅಂಗಳದಲ್ಲಿ ನಿಂತು ಮೊಬೈಲ್ ಟಾರ್ಚ್ ಹಚ್ಚಿ. ಹತ್ತಿದೆಯೋ ಇಲ್ಲವೋ ಅಂತ ತಿರುಗಿಸಿ ನೋಡಬೇಕಾಗುತ್ತದೆ. ಅದೇ ಟಾರ್ಚ್ ಕರೆಂಟ್ ಹೋದಾಗ ಹಚ್ಚಿದರೆ ಇಡೀ ರೂಮು ಬೆಳಗುತ್ತದೆ. ಟಾರ್ಚ್ ಕೊಟ್ಟ ಬೆಳಕು ಎರಡೂ ಸಲ ಒಂದೇ. ಕಣ್ಣು ಬೆಳಕನ್ನು ಕೂಡಿಸಿ ಕಳೆದು ಲೆಕ್ಕ ಹಾಕಲ್ಲ, ಇದ್ದದ್ದಕ್ಕೆ ಹೋಲಿಸಿ ಎಷ್ಟು ಪಟ್ಟು ಬದಲಾಯಿತು ಅಂತ ನೋಡುತ್ತದೆ. ಅದಕ್ಕೇ ಕತ್ತಲಲ್ಲಿ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕಾಣುತ್ತದೆ, ಬೆಳಕಿನಲ್ಲಿ ದೊಡ್ಡದೂ ಕಾಣಲ್ಲ.

ಇದಕ್ಕೊಂದು ಸೂತ್ರವೂ ಇದೆ. ಬೆಳಕು, ಬಣ್ಣಗಳ ಅಳತೆಯ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಸಿಐಇ 1976ರಲ್ಲಿ ಇದನ್ನು ಒಂದು ಅಳತೆಯಾಗಿ ಇಟ್ಟಿತು, ಎಲ್-ಸ್ಟಾರ್ ಅಂತಾರೆ. ಪೂರ್ತಿ ಬೆಳಕನ್ನು 1 ಅಂತ ಇಟ್ಟುಕೊಂಡು, ಬೆಳಕಿನ ಘನಮೂಲ ತೆಗೆದು, 116ರಿಂದ ಗುಣಿಸಿ, 16 ಕಳೆದರೆ ಕಣ್ಣಿಗೆ ಎಷ್ಟು ಕಂಡಿತು ಅನ್ನೋದು 0ಯಿಂದ 100ರ ಒಳಗೆ ಬರುತ್ತದೆ. ತೀರಾ ಕಡಿಮೆ ಬೆಳಕಿಗೆ ಮಾತ್ರ ಬೇರೆ ಲೆಕ್ಕ. ಈ ಸೂತ್ರದ ಪ್ರಕಾರ, ಕಣ್ಣಿಗೆ ಅರ್ಧ ಅನ್ನಿಸಬೇಕಾದರೆ ಬೇಕಾಗುವ ಬೆಳಕು ಪೂರ್ತಿ ಬೆಳಕಿನ ಸುಮಾರು 18% ಮಾತ್ರ. ಉಲ್ಟಾ ನೋಡಿದರೆ, ನಿಜವಾದ ಬೆಳಕನ್ನು ಅರ್ಧ ಮಾಡಿದರೂ ಕಣ್ಣಿಗೆ 76ರಷ್ಟು ಕಾಣುತ್ತಲೇ ಇರುತ್ತದೆ.

ಇನ್ನು ಕೀಬೋರ್ಡ್‌ನ ಬ್ರೈಟ್‌ನೆಸ್ ಬಟನ್ ಒಂದು ಸಲ ಒತ್ತಿದರೆ 5% ಇಳಿಯುತ್ತದೆ ಅಂತ ಇಟ್ಟುಕೊಳ್ಳಿ, ಹಾರ್ಡ್‌ವೇರ್ ಅಂಕಿಗೆ ತಕ್ಕಂತೆ ಬೆಳಕನ್ನೂ ನೇರವಾಗಿ ಇಳಿಸುತ್ತದೆ ಅಂತಲೂ ಇಟ್ಟುಕೊಳ್ಳಿ. 100ರಿಂದ 95ಕ್ಕೆ ಇಳಿದಾಗ ಕಣ್ಣಿಗೆ ಆಗುವ ಬದಲಾವಣೆ ಬರೀ 2. ಒತ್ತಿದ್ದೇ ಗೊತ್ತಾಗಲ್ಲ. 10ರಿಂದ 5ಕ್ಕೆ ಇಳಿದಾಗ ಅದು 11. ಕೊನೆಯ ಒತ್ತು, 5ರಿಂದ ಸೊನ್ನೆಗೆ, ಒಮ್ಮೆಲೇ 27. ಬಟನ್ ಅದೇ, ಬೆರಳು ಅದೇ. ಮೇಲಿನ ಹತ್ತು ಒತ್ತುಗಳಲ್ಲಿ ಅಷ್ಟೇನೂ ಆಗಲ್ಲ, ಕೆಳಗಿನ ಎರಡು ಒತ್ತಿನಲ್ಲಿ ಎಲ್ಲಾ ಆಗಿಹೋಗುತ್ತದೆ.

ಆಳಂದ ಕಡೆಯ ಒಬ್ಬ ಹುಡುಗ ಇದನ್ನೇ ನನಗಿಂತ ಚೆನ್ನಾಗಿ ಹೇಳಿದ್ದ. ಇಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದಾನೆ, ಒಂದೇ ರೂಮಲ್ಲಿ ಮೂವರು. ಲ್ಯಾಪ್‌ಟಾಪ್ ತಗೊಂಡು ಬಂದು ಟೇಬಲ್ ಮೇಲಿಟ್ಟ.

"ಅಣ್ಣಾ, ರಾತ್ರಿ ಓದ್ಲಾಕ ಕುಂತ್ರ ಒಂದೋ ಭಾಳ ಬೆಳಕ ಬರ್ತದ, ಇಲ್ಲಾಂದ್ರ ಪೂರ್ತಿ ಕತ್ತಲಾಗ್ತದ. ನಡುವ ಏನೂ ಇಲ್ರಿ. ಬಾಜೂಕ ಮಲಗಿದವ್ರು ಬೈತಾರ್ರಿ."

"ಎಷ್ಟಕ್ಕ ಇಟ್ಟೀಯಪ್ಪಾ?"

"ಐದು ಪರ್ಸೆಂಟ್ ಅಣ್ಣಾ. ಅದಕ್ಕಿಂತ ಕೆಳಗ ಹೋಗಂಗಿಲ್ಲ ಅದು."

ಅವನ ಯಂತ್ರದಲ್ಲಿ ಗರಿಷ್ಠ ಅಂಕಿ 96000 ಇತ್ತು. 5% ಅಂದರೆ 4800. ಲೆಕ್ಕದಲ್ಲಿ ಅದು ಬಹಳ ಕಡಿಮೆ, ಕಣ್ಣಿಗೆ 27ರಷ್ಟು, ಅಂದರೆ ಕತ್ತಲ ರೂಮಿನಲ್ಲಿ ಗೋಡೆ ಮೇಲೆ ನೆರಳು ಬೀಳುವಷ್ಟು. ಅದರ ಕೆಳಗಿನ ಹಂತ ಸೊನ್ನೆ, ಬ್ಯಾಕ್‌ಲೈಟ್ ಆಫ್. 4800ಕ್ಕೂ ಸೊನ್ನೆಗೂ ನಡುವೆ ಸಾವಿರಾರು ಅಂಕಿಗಳು ಸುಮ್ನೆ ಖಾಲಿ ಬಿದ್ದಿದ್ದವು, ಬಟನ್ ಅವನ್ನೆಲ್ಲ ಒಂದೇ ನೆಗೆತಕ್ಕೆ ದಾಟುತ್ತಿತ್ತು. ಟರ್ಮಿನಲ್ ತೆರೆದು ಬ್ರೈಟ್‌ನೆಸ್ ಫೈಲ್‌ಗೆ 960 ಬರೆದೆ. ಶಟರ್ ಅರ್ಧ ಎಳೆದು, ಲೈಟ್ ಆರಿಸಿ ತೋರಿಸಿದೆ. ಅಕ್ಷರ ಓದಲು ಬರುತ್ತಿತ್ತು, ಗೋಡೆ ಕಾಣುತ್ತಿರಲಿಲ್ಲ. "ಇದೇ ಬೇಕಿತ್ ನೋಡಣ್ಣಾ" ಅಂದ. ಹಾರ್ಡ್‌ವೇರ್‌ನಲ್ಲಿ ಮೊದಲಿಂದಲೂ ಇದ್ದ ಬೆಳಕು ಅದು. ಸಾಫ್ಟ್‌ವೇರ್‌ಗೆ ಅದು ಇದೆ ಅಂತ ಗೊತ್ತಿರಲಿಲ್ಲ, ಅಷ್ಟೇ.

ಹಾಗಾದರೆ ಎಲ್ಲಾ ಸಾಫ್ಟ್‌ವೇರ್‌ಗಳೂ ಆ ಕಣ್ಣಿನ ಸೂತ್ರ ಹಾಕಿಬಿಟ್ಟರೆ ಮುಗಿಯಿತಲ್ವಾ ಅನ್ನಿಸಬಹುದು. ಇಲ್ಲ, ಅಲ್ಲೇ ಇರೋದು ಕಷ್ಟ. ಎಷ್ಟೋ ಡ್ರೈವರ್‌ಗಳು ಆ ಲೆಕ್ಕವನ್ನು ಆಗಲೇ ಒಳಗೆ ಮಾಡಿಟ್ಟಿರುತ್ತವೆ. ಫೋನ್, ಟ್ಯಾಬ್ಲೆಟ್, ಸಣ್ಣ ಬೋರ್ಡ್‌ಗಳಲ್ಲಿ ಪ್ಯಾನೆಲ್ ವಿವರ ಇರುವ ಡಿವೈಸ್ ಟ್ರೀ ಅನ್ನೋ ಕಡತದಲ್ಲಿ ಹಂತಗಳ ಒಂದು ಪಟ್ಟಿ ಬರೆಯುತ್ತಾರೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ದಾಖಲೆಯಲ್ಲಿರುವ ಉದಾಹರಣೆಯೇ ಇದು: 0, 4, 8, 16, 32, 64, 128, 255. ನೋಡಿ, ಒಂದೊಂದು ಹಂತಕ್ಕೂ ಬೆಳಕು ಎರಡು ಪಟ್ಟು. ಇದನ್ನು ಬರೆದವರು ಕಣ್ಣನ್ನು ಮನಸ್ಸಲ್ಲಿಟ್ಟುಕೊಂಡೇ ಬರೆದಿದ್ದಾರೆ. ಇಲ್ಲಿ ಸಾಫ್ಟ್‌ವೇರ್ 0ಯಿಂದ 7ರವರೆಗೆ ನೇರವಾಗಿ ಹತ್ತಿದರೆ ಸಾಕು, ಕಣ್ಣಿಗೆ ಸಮನಾಗಿ ಕಾಣುತ್ತದೆ. ಪಟ್ಟಿ ಕೊಡದಿದ್ದರೆ ಕರ್ನಲ್‌ನ ಪಿಡಬ್ಲ್ಯುಎಂ ಬ್ಯಾಕ್‌ಲೈಟ್ ಡ್ರೈವರ್ ತಾನೇ ಸಿಐಇ ಸೂತ್ರ ಹಾಕಿ ಪಟ್ಟಿ ತಯಾರಿಸಿಕೊಳ್ಳುತ್ತದೆ. ಒಳ್ಳೇ ಕೆಲಸ.

ಇಂಥ ಡ್ರೈವರ್ ಮೇಲೆ ಸಾಫ್ಟ್‌ವೇರ್ ಕೂಡ ಅದೇ ಸೂತ್ರ ಹಾಕಿದರೆ ಏನಾಗುತ್ತದೆ, ಲೆಕ್ಕ ಹಾಕಿ ನೋಡೋಣ. ನೀವು ಸ್ಲೈಡರ್ ನಡುವೆ ಇಡುತ್ತೀರಿ. ಕಣ್ಣಿಗೆ ಅರ್ಧ ಬೇಕಲ್ಲ, 18% ಸಾಕು ಅಂತ ಸಾಫ್ಟ್‌ವೇರ್ 18ನೇ ಹಂತ ಕೇಳುತ್ತದೆ. ಡ್ರೈವರ್ ಅದನ್ನು ಕಣ್ಣಿನ ಅಳತೆ ಅಂತ ತಿಳಿದು ಇನ್ನೊಮ್ಮೆ ಇಳಿಸುತ್ತದೆ. ಕೊನೆಗೆ ಪ್ಯಾನೆಲ್‌ಗೆ ಸಿಗುವುದು ಪೂರ್ತಿ ಬೆಳಕಿನ ಎರಡೂವರೆ ಪರ್ಸೆಂಟ್! ಸ್ಲೈಡರ್ ಮಧ್ಯದಲ್ಲಿದೆ, ಸ್ಕ್ರೀನ್ ಹೆಚ್ಚು ಕಡಿಮೆ ಕತ್ತಲು. ಮೊದಲನೆಯ ಕಾಯಿಲೆಯಲ್ಲಿ ಕೆಳಗಿನ ತುದಿ ಇಕ್ಕಟ್ಟು, ಇದರಲ್ಲಿ ಅರ್ಧ ಸ್ಲೈಡರ್ ಪೂರಾ ಕತ್ತಲಲ್ಲೇ ಕಳೆದುಹೋಗುತ್ತದೆ. ಒಂದು ಯಂತ್ರಕ್ಕೆ ಔಷಧಿಯಾದದ್ದು ಇನ್ನೊಂದಕ್ಕೆ ವಿಷ.

ಅಂದರೆ ಸಾಫ್ಟ್‌ವೇರ್ ಬರೆಯುವವರು ಊಹೆ ಮಾಡಿ ಗೆಲ್ಲಲು ಆಗಲ್ಲ. ಯಾವ ಊಹೆ ಮಾಡಿದರೂ ಕೆಲವು ಯಂತ್ರಗಳಲ್ಲಿ ಕೆಡುತ್ತದೆ. ಹಾರ್ಡ್‌ವೇರ್ ಬಗ್ಗೆ ಗೊತ್ತಿರೋದು ಡ್ರೈವರ್‌ಗೆ, ಹಾಗಾಗಿ ಹೇಳಬೇಕಾದ್ದೂ ಅದೇ.

ಈ ದಾರಿ ತೆರೆದಿದ್ದು ಲಿನಕ್ಸ್ 5.4ರಲ್ಲಿ, 2019ರ ನವೆಂಬರ್‌ನಲ್ಲಿ. ಬ್ಯಾಕ್‌ಲೈಟ್ ಫೋಲ್ಡರ್‌ಗೆ ಸ್ಕೇಲ್ ಅಂತ ಒಂದು ಹೊಸ ಫೈಲ್ ಬಂತು. ಅದನ್ನು ಓದಬಹುದು, ಬರೆಯಲು ಬರಲ್ಲ. ಒಳಗೆ ಒಂದೇ ಒಂದು ಪದ ಇರುತ್ತದೆ: ಲೀನಿಯರ್, ನಾನ್-ಲೀನಿಯರ್, ಇಲ್ಲವೇ ಅನ್‌ನೋನ್. ಲೀನಿಯರ್ ಅಂತಿದ್ದರೆ ಅಂಕಿ ಏರಿದಷ್ಟೇ ಬೆಳಕೂ ಏರುತ್ತದೆ, ಹಾಗಾಗಿ ಕಣ್ಣಿನ ಲೆಕ್ಕ ಸಾಫ್ಟ್‌ವೇರ್ ಹಾಕಬೇಕು. ನಾನ್-ಲೀನಿಯರ್ ಅಂತಿದ್ದರೆ ಆ ಲೆಕ್ಕ ಒಳಗೇ ಆಗಿದೆ, ಸಾಫ್ಟ್‌ವೇರ್ ಸ್ಲೈಡರ್‌ನ ಅಂಕಿಯನ್ನು ಇದ್ದಹಾಗೇ ಕಳಿಸಿದರಾಯಿತು. ಅನ್‌ನೋನ್ ಅಂದರೆ ಡ್ರೈವರ್‌ಗೂ ಗೊತ್ತಿಲ್ಲ, ಅಥವಾ ಅದು ಏನೂ ಹೇಳಿಲ್ಲ.

ನೋಡಲು ಎಷ್ಟು ಚಿಕ್ಕದು! ಒಂದು ಫೈಲ್, ಒಂದು ಪದ. ಆದರೆ ಮೇಲೆ ಹೇಳಿದ ಎರಡೂ ಕಾಯಿಲೆಗೆ ಇದೇ ಮದ್ದು. ಕರ್ವ್‌ನ ಪೂರ್ತಿ ವಿವರ, ಸಾವಿರ ಬಿಂದುಗಳ ಕೋಷ್ಟಕ ಏನೂ ಬೇಡ, ಕಣ್ಣಿನ ಲೆಕ್ಕ ಹಾಕಬೇಕೋ ಬೇಡವೋ ಅಂತ ಹೇಳಿದರೆ ಸಾಕು ಅಂತ ತೀರ್ಮಾನಿಸಿದ್ದು ನನಗೆ ಬಹಳ ಸರಿ ಅನ್ನಿಸುತ್ತದೆ. ಪಿಡಬ್ಲ್ಯುಎಂ ಡ್ರೈವರ್ ಇದನ್ನು ಚೆನ್ನಾಗಿ ಬಳಸಿಕೊಂಡಿದೆ. ತಾನೇ ಸಿಐಇ ಪಟ್ಟಿ ಮಾಡಿಕೊಂಡಿದ್ದರೆ ನಾನ್-ಲೀನಿಯರ್ ಅನ್ನುತ್ತದೆ, ಬೇರೆಯವರು ಪಟ್ಟಿ ಕೊಟ್ಟಿದ್ದರೆ ಅದರ ಅಂಕಿಗಳು ನೇರ ಗೆರೆಯಲ್ಲಿವೆಯಾ ಅಂತ ಪರೀಕ್ಷೆ ಮಾಡಿ ಉತ್ತರ ಹೇಳುತ್ತದೆ.

ಬೇಜಾರಿನ ವಿಷಯ ಏನಂದ್ರೆ, ನನ್ನ ಟೇಬಲ್‌ಗೆ ಬರುವ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಅನ್‌ನೋನ್ ಅಂತಲೇ ಹೇಳುತ್ತವೆ. ಡ್ರೈವರ್ ಬರೆದವರು ಆ ಜಾಗ ಮುಟ್ಟದಿದ್ದರೆ ತಾನಾಗೇ ಬರುವ ಉತ್ತರ ಅದು. ಎಸಿಪಿಐ ವಿಷಯದಲ್ಲಿ ಅದು ಪ್ರಾಮಾಣಿಕ ಉತ್ತರವೇ. ಫರ್ಮ್‌ವೇರ್ ಒಳಗೆ ಏನು ಲೆಕ್ಕ ನಡೆದಿದೆ ಅಂತ ಕರ್ನಲ್‌ಗೆ ಕಾಣಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅನ್ನೋದೇ ಸರಿ, ಸುಮ್ನೆ ಲೀನಿಯರ್ ಅಂತ ಸುಳ್ಳು ಹೇಳಿಬಿಟ್ಟರೆ ಸಾಫ್ಟ್‌ವೇರ್ ಅದನ್ನು ನಂಬಿ ಇನ್ನೂ ಕೆಡಿಸುತ್ತದೆ. ಆದರೆ ಚಿಪ್‌ನ ದಾಖಲೆ ಕೈಯಲ್ಲಿದ್ದು, ಅಂಕಿ ಬದಲಾದರೆ ಕರೆಂಟ್ ಹೇಗೆ ಬದಲಾಗುತ್ತದೆ ಅಂತ ಓದಿ ಡ್ರೈವರ್ ಬರೆದವರೂ ಈ ಒಂದು ಸಾಲು ಬಿಟ್ಟುಹೋದರೆ, ಆ ಯಂತ್ರ ಬಳಸುವ ಪ್ರತಿಯೊಬ್ಬರೂ ರಾತ್ರಿ ಕಣ್ಣು ಕಿರಿದು ಮಾಡಿಕೊಂಡು ಕೂರಬೇಕಾಗುತ್ತದೆ. ಅದು ನನಗೆ ಸಹಿಸಲು ಆಗಲ್ಲ.

ಇನ್ನೊಂದು ಬಗೆಹರಿಯದ ಗಂಟು ಸೊನ್ನೆ. ಬ್ರೈಟ್‌ನೆಸ್ 0 ಅಂದರೆ ಕೆಲವು ಯಂತ್ರದಲ್ಲಿ ಬ್ಯಾಕ್‌ಲೈಟ್ ಪೂರ್ತಿ ಆರುತ್ತದೆ, ಕೆಲವದರಲ್ಲಿ ಕಡಿಮೆ ಅಂದರೆ ಎಷ್ಟು ಬೆಳಕು ಸಾಧ್ಯವೋ ಅಷ್ಟಕ್ಕೆ ನಿಲ್ಲುತ್ತದೆ. ಆರಿಸುವುದಕ್ಕೆ ಬಿಎಲ್ ಪವರ್ ಅಂತ ಬೇರೆ ಫೈಲೇ ಇದೆ, ಅದಕ್ಕೆ 4 ಬರೆದರೆ ಆಫ್, 0 ಬರೆದರೆ ಆನ್. ಹಾಗಿದ್ದ ಮೇಲೆ ಬ್ರೈಟ್‌ನೆಸ್ ಸೊನ್ನೆಗೂ ಆಫ್ ಅನ್ನೋ ಅರ್ಥ ಯಾಕೆ ಬೇಕು? ಆದರೆ ಹಾಗೆ ನಡೆದುಬಂದಿದೆ, ಸ್ಕೇಲ್ ಫೈಲ್ ಈ ವಿಷಯ ಏನೂ ಹೇಳಲ್ಲ. ಅದಕ್ಕೇ ಸಾಫ್ಟ್‌ವೇರ್‌ಗಳು ಹೆದರಿಕೊಂಡು ಕೆಳಗೆ ಒಂದು ಗಡಿ ಹಾಕುತ್ತವೆ. ಲಿನಕ್ಸ್ ಶುರುವಾಗುವಾಗ ಉಳಿದ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ನೋಡಿ, ಕಂಪ್ಯೂಟರ್ ಆರಿಸುವಾಗ ಬ್ರೈಟ್‌ನೆಸ್ ನೆನಪಿಟ್ಟುಕೊಂಡು, ಮತ್ತೆ ಹಚ್ಚಿದಾಗ ಅದೇ ಅಂಕಿ ಹಾಕುತ್ತದೆ. ಹಾಗೆ ಹಾಕುವಾಗ ಗರಿಷ್ಠದ 5%ಗಿಂತ ಕೆಳಗೆ ಹೋಗಲು ಬಿಡಲ್ಲ, ಯಾಕಂದ್ರೆ ಸ್ಕ್ರೀನ್ ಕಪ್ಪಾಗಿ ಜನ ಕಂಗಾಲಾಗಬಾರದು. ಉದ್ದೇಶ ಒಳ್ಳೆಯದೇ. ಆದರೆ ಲೀನಿಯರ್ ಯಂತ್ರದಲ್ಲಿ 5% ಅಂದರೆ ಕಣ್ಣಿಗೆ 27 ಅಂತ ಆಗಲೇ ನೋಡಿದೆವಲ್ಲ. ಆ ಹುಡುಗನ ಯಂತ್ರ ರೀಸ್ಟಾರ್ಟ್ ಮಾಡಿದಾಗಲೆಲ್ಲ 960 ಹೋಗಿ 4800 ಆಗುತ್ತಿದ್ದದ್ದು ಇದೇ ಕಾರಣಕ್ಕೆ. ಸಿಸ್ಟಮ್‌ಡಿಯಲ್ಲಿ ಆ ಗಡಿ ತೆಗೆಯುವ ಸೆಟ್ಟಿಂಗ್ ಇದೆ, ಅದನ್ನು ಹಾಕಿಕೊಟ್ಟ ಮೇಲೆ ನಿಂತಿತು.

ಹಂತಗಳೇ ಇಲ್ಲದ ಕಡೆ ಮಾತ್ರ ಯಾವ ಸ್ಕೇಲೂ ಕೈ ಹಿಡಿಯಲ್ಲ, ಇದನ್ನೂ ಹೇಳಿಬಿಡಬೇಕು. ಗರಿಷ್ಠ 15 ಇದ್ದು, ಸ್ಕೇಲ್ ನೇರವಾಗಿದ್ದರೆ, ಕೆಳಗಿನ ಮೊದಲ ಹಂತವೇ ಕಣ್ಣಿಗೆ 31. ಅದಕ್ಕೂ ಕತ್ತಲೆಗೂ ನಡುವೆ ಏನೂ ಇಲ್ಲ, ಸಾಫ್ಟ್‌ವೇರ್ ಏನು ಮಾಡಿದರೂ ಇಲ್ಲ. ಅಂಥ ಯಂತ್ರಕ್ಕೆ ನಾನು ರಾತ್ರಿ ಓದುವವರಿಗೆ ಹೇಳುವುದು ಒಂದೇ, ಕಪ್ಪು ಹಿನ್ನೆಲೆಯ ಥೀಮ್ ಹಾಕಿಕೊಳ್ಳಿ ಅಂತ.

ಫೋನ್‌ನವರು ಈ ವಿಷಯದಲ್ಲಿ ಸ್ವಲ್ಪ ಮುಂದಿದ್ದಾರೆ. ಆಂಡ್ರಾಯ್ಡ್‌ನಲ್ಲೂ ಒಳಗಿನ ಅಂಕಿ ಮೊದಲಿಗೆ 0ಯಿಂದ 255ರವರೆಗಿನ ನೇರ ಅಂಕಿಯೇ ಆಗಿತ್ತು. 2018ರಲ್ಲಿ ಬಂದ ಆಂಡ್ರಾಯ್ಡ್ 9ರಲ್ಲಿ ಸ್ಲೈಡರ್‌ಗೂ ಆ ಅಂಕಿಗೂ ನಡುವೆ ಬಾಗಿದ ಕರ್ವ್ ಒಂದನ್ನು ಹಾಕಿದರು. ಸ್ಲೈಡರ್ ನಡುವೆ ಇದ್ದರೂ ಅಂಕಿ ಅರ್ಧಕ್ಕಿಂತ ಬಹಳ ಕೆಳಗಿರುತ್ತದೆ, ಹಾಗಾಗಿ ಕತ್ತಲ ತುದಿಯಲ್ಲಿ ಬೆರಳಿಗೆ ಜಾಗ ಸಿಗುತ್ತದೆ. ಅಲ್ಲಿ ಫೋನ್ ತಯಾರಿಸುವವರೂ ಪ್ಯಾನೆಲ್ ಆಯ್ಕೆ ಮಾಡುವವರೂ ಒಂದೇ ಕಂಪನಿ, ಅಂಕಿಗೆ ಎಷ್ಟು ಬೆಳಕು ಅಂತ ಫ್ಯಾಕ್ಟರಿಯಲ್ಲೇ ಕೂರಿಸಬಹುದು. ವಿಂಡೋಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗ್ರಾಫಿಕ್ಸ್ ಡ್ರೈವರ್ ಜೊತೆ ಪರ್ಸೆಂಟ್ ಬದಲು ಮಿಲಿನಿಟ್ಸ್‌ನಲ್ಲಿ (ನಿಟ್‌ನ ಸಾವಿರದ ಒಂದು ಭಾಗ) ಮಾತಾಡುವ ವ್ಯವಸ್ಥೆ ಮಾಡಿದೆ. ನಿಟ್ ಅಂದರೆ ಒಂದು ಚದರ ಮೀಟರ್‌ಗೆ ಒಂದು ಕ್ಯಾಂಡೆಲಾ, ನಿಜವಾದ ಬೆಳಕಿನ ಅಳತೆ. 120 ನಿಟ್ ಕೊಡು ಅಂತ ಕೇಳಿದರೆ ಎಲ್ಲಾ ಯಂತ್ರದಲ್ಲೂ ಒಂದೇ ಬೆಳಕು ಬರಬೇಕು. ನನ್ನ ಮನಸ್ಸಿಗೆ ಅದೇ ಕೊನೆಯ ಉತ್ತರ. ಆದರೆ ಅದಕ್ಕೆ ಪ್ಯಾನೆಲ್ ಅಳೆದು ಬರೆದಿಟ್ಟಿರಬೇಕು, ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಅದು ಇಲ್ಲ. ಅಲ್ಲಿಯವರೆಗೆ ಆ ಒಂದು ಪದದ ಸ್ಕೇಲ್ ಫೈಲೇ ನಮಗೆ ಗತಿ.

ನಿಮ್ಮ ಯಂತ್ರ ಅನ್‌ನೋನ್ ಅಂದರೆ ನೀವೇ ಅಳೆದುಬಿಡಿ, ಕಷ್ಟ ಇಲ್ಲ. ಫೋನ್‌ಗೆ ಯಾವುದಾದರೂ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಫೋನ್‌ನ ಸೆನ್ಸರ್ ಕರಾರುವಾಕ್ಕಾಗಿ ಇರಬೇಕಿಲ್ಲ, ನಮಗೆ ಬೇಕಿರುವುದು ಒಂದಕ್ಕೊಂದು ಎಷ್ಟು ಪಟ್ಟು ಅನ್ನೋದು ಮಾತ್ರ. ಕತ್ತಲ ಕೋಣೆಯಲ್ಲಿ ಲ್ಯಾಪ್‌ಟಾಪ್ ಸ್ಕ್ರೀನ್ ಪೂರ್ತಿ ಬಿಳಿ ಮಾಡಿ, ಆಟೋ ಬ್ರೈಟ್‌ನೆಸ್, ನೈಟ್ ಲೈಟ್ ಎಲ್ಲಾ ಬಂದ್ ಮಾಡಿ. ಫೋನ್‌ನ ಮೇಲ್ಭಾಗದ ಸೆನ್ಸರ್ ಸ್ಕ್ರೀನ್ ಕಡೆ ಬರುವಂತೆ ಎದುರು ನಿಲ್ಲಿಸಿ, ಮಧ್ಯೆ ಅಲುಗಾಡಿಸಬೇಡಿ, ಒಂದು ಡಬ್ಬಕ್ಕೆ ಒರಗಿಸಿಟ್ಟರೆ ಒಳ್ಳೇದು. ಗರಿಷ್ಠ ಅಂಕಿ ಹಾಕಿ ರೀಡಿಂಗ್ ಬರೆದುಕೊಳ್ಳಿ. ಆಮೇಲೆ ಅದರ ಅರ್ಧ, ಕಾಲು, ಹತ್ತನೇ ಒಂದು. ಅರ್ಧ ಅಂಕಿಗೆ ಅರ್ಧ ಲಕ್ಸ್, ಕಾಲಿಗೆ ಕಾಲು ಬಂದರೆ ಅದು ಲೀನಿಯರ್. ಅರ್ಧ ಅಂಕಿಗೆ ಐದನೇ ಒಂದು ಭಾಗದ ಆಸುಪಾಸು ಬಂದರೆ ಒಳಗೆ ಕಣ್ಣಿನ ಲೆಕ್ಕ ಆಗಲೇ ಆಗಿದೆ. ಒಎಲ್‌ಇಡಿ ಸ್ಕ್ರೀನ್‌ನಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಬ್ಯಾಕ್‌ಲೈಟೇ ಇಲ್ಲ, ಆದರೂ ಈ ಅಂಕಿ ಇದ್ದೇ ಇರುತ್ತದೆ, ಅಳತೆಯೂ ಹೀಗೇ ಮಾಡಬಹುದು.

ಲೀನಿಯರ್ ಅಂತ ಖಾತ್ರಿಯಾದರೆ, ಬ್ರೈಟ್‌ನೆಸ್‌ಸಿಟಿಎಲ್ ಅನ್ನೋ ಸಣ್ಣ ಟೂಲ್ ಇದೆ, ಅದರಲ್ಲಿ ಎಕ್ಸ್‌ಪೊನೆಂಟ್ ಆಯ್ಕೆ ಕೊಟ್ಟು ಕೀಬೋರ್ಡ್ ಬಟನ್‌ಗೆ ಜೋಡಿಸಿಕೊಳ್ಳಿ. 3 ಕೊಟ್ಟರೆ 50% ಕೇಳಿದಾಗ ಪ್ಯಾನೆಲ್‌ಗೆ 12.5% ಹೋಗುತ್ತದೆ, ಸಿಐಇ ಹೇಳುವ 18ಕ್ಕಿಂತ ಸ್ವಲ್ಪ ಕಡಿಮೆ, ಆದರೆ ರಾತ್ರಿ ಓದುವವರಿಗೆ ಅದೇ ಹಿತ. ಕನಿಷ್ಠ ಅಂಕಿ ಹೇಳುವ ಆಯ್ಕೆಯೂ ಅದರಲ್ಲಿದೆ. ಮೊದಲು ಹಗಲಲ್ಲೇ ಒಂದೊಂದಾಗಿ ಇಳಿಸಿ, ನಿಮ್ಮ ಪ್ಯಾನೆಲ್ ಎಷ್ಟಕ್ಕೆ ಆರುತ್ತದೆ ಅಂತ ನೋಡಿಕೊಂಡು, ಅದಕ್ಕಿಂತ ಸ್ವಲ್ಪ ಮೇಲಿನ ಅಂಕಿ ಅಲ್ಲಿ ಹಾಕಿ. ಅಳೆದ ರೀಡಿಂಗ್‌ಗಳನ್ನು ಮಾಡೆಲ್ ಹೆಸರು, ಕರ್ನಲ್ ಆವೃತ್ತಿ ಸಮೇತ ಆ ಡ್ರೈವರ್ ನೋಡಿಕೊಳ್ಳುವವರಿಗೆ ಕಳಿಸಿದರೆ, ಮುಂದಿನ ಕರ್ನಲ್‌ನಲ್ಲಿ ಅನ್‌ನೋನ್ ಇದ್ದ ಜಾಗಕ್ಕೆ ಸರಿಯಾದ ಪದ ಹಾಕಲು ಅವರ ಕೈಗೆ ಒಂದು ಆಧಾರ ಸಿಗುತ್ತದೆ.